ಅನುಮಾನಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಆಫೀಸಿನ ಜನರೇಟರ್‌ನಲ್ಲಿ ಡೀಸೆಲ್ ಲೆಕ್ಕಕ್ಕೆ ಸಿಗದಂತಾಯಿತು. ವಾರಕ್ಕೆ ಐದಾರು ಲೀಟರ್ ಎಲ್ಲಿ ಹೋಗುತ್ತದೋ ತಿಳಿಯದು. ರಾತ್ರಿಪಾಳಿಯ ವಾಚ್‌ಮನ್ ಮೇಲೆ ಎಲ್ಲರ ಕಣ್ಣು ಬಿತ್ತು. ಮೇಲಧಿಕಾರಿಗೆ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಅವರಿಗೆ ಕನ್ನಡ ಬಾರದು, ಇಂಗ್ಲಿಷನ್ನು ಮನೆಮಾತಿನಷ್ಟೇ ಸಲೀಸಾಗಿ ಆಡುವವರು. ವಾಕ್ಯ ನನ್ನ ಮನಸ್ಸಿನಲ್ಲಿ ಕನ್ನಡದಲ್ಲೇ ಸಿದ್ಧವಾಯಿತು: ‘ವಾಚ್‌ಮನ್ ಡೀಸೆಲ್ ತೆಗೆದಿದ್ದಾನೆ ಅಂತ ನನಗೆ ಅನುಮಾನ.’ ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಿರುಗಿಸಿದೆ: ‘ಐ ಡೌಟ್ ದಟ್ ದ ವಾಚ್‌ಮನ್ ಟುಕ್ ದ ಡೀಸೆಲ್.’ ವ್ಯಾಕರಣ ಸರಿಯಿತ್ತು, ಸ್ಪೆಲಿಂಗ್ ಸರಿಯಿತ್ತು. ‘ಡೌಟ್’ ಎಂಬಲ್ಲಿ ಬಾಯಿಗೆ ಬಾರದೆ ಬರಹದಲ್ಲಷ್ಟೇ ಕೂತಿರುವ ‘ಬಿ’ ಅಕ್ಷರವನ್ನೂ ಮರೆಯದೆ ಹಾಕಿದ್ದೆ.

ಮಾರನೆಯ ದಿನ ಉತ್ತರ ಬಂತು. ವಾಚ್‌ಮನ್ ಬಗ್ಗೆ ನಿಮಗೆ ನಂಬಿಕೆ ಇರುವುದು ಸಂತೋಷ, ಹಾಗಾದರೆ ಬೇರೆ ಕಡೆ ಹುಡುಕಿ ಎಂದಿತ್ತು.

ವ್ಯಂಗ್ಯವಾಡುತ್ತಿದ್ದಾರೆ ಅಂದುಕೊಂಡೆ. ಪಕ್ಕದ ಮೇಜಿನ ಹಿರಿಯರೊಬ್ಬರು ನನ್ನ ವರದಿಯ ನಕಲು ಓದಿ ನಕ್ಕರು. ‘ಅಲ್ರೀ, ಅವನು ತೆಗೆದಿರಲಾರ ಅಂತ ನೀವೇ ಬರೆದಿದ್ದೀರಲ್ಲ! ನಿಮಗೆ ಬೇಕಾಗಿದ್ದದ್ದು ಸಸ್ಪೆಕ್ಟ್.’ ಇರಲಿ, ಅಧಿಕಾರಿ ಹೇಳಿದಂತೆ ಬೇರೆ ಕಡೆ ಹುಡುಕಿದೆವು. ಟ್ಯಾಂಕಿನ ಅಡಿಯಲ್ಲಿ ಪೈಪಿನ ಜಾಯಿಂಟು ಸೋರಿ, ಡೀಸೆಲ್ಲೆಲ್ಲ ಮಣ್ಣಿಗೆ ಇಳಿಯುತ್ತಿತ್ತು. ನನ್ನ ಕೆಟ್ಟ ಇಂಗ್ಲಿಷಿನಿಂದ ಒಬ್ಬ ನಿರಪರಾಧಿ ಬಚಾವಾದ.

ಪೈಪು ರಿಪೇರಿಯಾದರೂ ನನ್ನ ತಲೆಕೆರೆತ ನಿಲ್ಲಲಿಲ್ಲ. ಒಂದನೇ ಕ್ಲಾಸಿನಿಂದ ಬಾಯಲ್ಲಿರುವ ಪದ ‘ಡೌಟು’. ಉಚ್ಚಾರಣೆ ಗೊತ್ತು, ಬರೆಯಲು ಗೊತ್ತು, ಅರ್ಥ ಕೇಳಿದರೆ ನಿದ್ದೆಯಲ್ಲೂ ಹೇಳಬಲ್ಲೆ. ಹಾಗಿದ್ದೂ ಅದು ನನ್ನ ಕೈಯಲ್ಲಿ ತಲೆಕೆಳಗಾಗಿ ನಿಂತಿತು. ಹಾಗಾದರೆ ಒಂದು ಪದ ‘ಗೊತ್ತು’ ಎನ್ನುವಾಗ ನಮಗೆ ನಿಜಕ್ಕೂ ಏನು ಗೊತ್ತಿರುತ್ತದೆ?

ಮೊದಲು ನಿಘಂಟಿನ ಪಾಲಿನ ತಪ್ಪು ನೋಡೋಣ. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಡೌಟ್’ ಎದುರು ಸಂದೇಹ, ಸಂಶಯ, ಅನುಮಾನ ಎಂದಿರುತ್ತದೆ. ‘ಸಸ್ಪೆಕ್ಟ್’ ಎದುರಿಗೂ ಇದೇ ಬಳಗ ಕ್ರಿಯಾಪದದ ವೇಷದಲ್ಲಿ ಕೂತಿರುತ್ತದೆ: ಸಂದೇಹಪಡು, ಶಂಕಿಸು, ಅನುಮಾನಿಸು. ಇದರಲ್ಲಿ ಸುಳ್ಳೇನೂ ಇಲ್ಲ. ಎರಡೂ ಪದ ಖಾತ್ರಿಯಿಲ್ಲದ ಸ್ಥಿತಿಯನ್ನೇ ಹೇಳುತ್ತವೆ. ಆದರೆ ತಕ್ಕಡಿ ಯಾವ ಕಡೆ ವಾಲಿದೆ ಎಂಬುದರಲ್ಲಿ ಅವು ಎದುರಾಳಿಗಳು. ಡೌಟ್ ಎಂದರೆ ‘ಇರಲಿಕ್ಕಿಲ್ಲ’ದ ಕಡೆಗೆ, ಸಸ್ಪೆಕ್ಟ್ ಎಂದರೆ ‘ಇದ್ದರೂ ಇದ್ದೀತು’ ಕಡೆಗೆ. ನಿಘಂಟು ಪದಗಳನ್ನು ತೂಗಿ ಕೊಟ್ಟಿತು, ಮುಳ್ಳು ಎತ್ತ ವಾಲಿದೆ ಎಂದು ಹೇಳಲಿಲ್ಲ.

ಹಾಗಾದರೆ ಕನ್ನಡದಲ್ಲಿ ಈ ವ್ಯತ್ಯಾಸವೇ ಇಲ್ಲವೆ? ಖಂಡಿತ ಇದೆ, ಆದರೆ ಪದದೊಳಗೆ ಇಲ್ಲ. ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ ಮನೆಯೊಂದನ್ನು ನೆನೆಸಿಕೊಳ್ಳಿ. ಆಕಾಶ ನೋಡಿ ಅಜ್ಜಿ ‘ಮಳೆ ಬರೋದು ಅನುಮಾನ’ ಎಂದರೆ ಹಪ್ಪಳ ಅಲ್ಲೇ ಇರುತ್ತವೆ. ‘ಮಳೆ ಬರುತ್ತೆ ಅಂತ ಅನುಮಾನ’ ಎಂದರೆ ಸೊಸೆ ಮೆಟ್ಟಿಲೇರಿ ಓಡುತ್ತಾಳೆ. ಅದೇ ಮಳೆ, ಅದೇ ಅನುಮಾನ, ಅರ್ಥ ಮಾತ್ರ ಉಲ್ಟಾ. ತಿರುಗಿಸಿದ್ದು ಯಾವುದು? ‘ಬರೋದು’ ಮತ್ತು ‘ಬರುತ್ತೆ ಅಂತ’. ಮೊದಲನೆಯದರಲ್ಲಿ ಬರುವ ಕ್ರಿಯೆಯೇ ಅನುಮಾನದ ಬುಡದಲ್ಲಿದೆ. ಎರಡನೆಯದರಲ್ಲಿ ‘ಮಳೆ ಬರುತ್ತೆ’ ಎಂಬುದು ಮನಸ್ಸು ತನಗೆ ತಾನೇ ಹೇಳಿಕೊಂಡ ಮಾತು. ಆ ಊಹೆಯ ಹೆಸರೇ ಅನುಮಾನ. ಯಾವ ಶಾಲೆಯಲ್ಲೂ ಇದನ್ನು ಪಾಠ ಮಾಡುವುದಿಲ್ಲ, ಕನ್ನಡದ ಮಕ್ಕಳು ಇಲ್ಲಿ ತಪ್ಪುವುದೂ ಇಲ್ಲ.

ನನ್ನ ವಾಕ್ಯ ಎಲ್ಲಿ ಮುಗ್ಗರಿಸಿತೆಂದು ಈಗ ಕಾಣುತ್ತದೆ. ‘ಅಂತ’ ಇದ್ದಲ್ಲಿ ‘ದಟ್’ ಇಟ್ಟೆ, ‘ಅನುಮಾನ’ ಇದ್ದಲ್ಲಿ ‘ಡೌಟ್’ ಇಟ್ಟೆ. ಕನ್ನಡದಲ್ಲಿ ದಿಕ್ಕು ತೋರಿಸುವ ಕೆಲಸ ‘ಅಂತ’ದ್ದು. ಇಂಗ್ಲಿಷಿನಲ್ಲಿ ಅದು ಕ್ರಿಯಾಪದದ್ದೇ. ‘ದಟ್’ ಪಾಪ, ಬರೀ ಕೊಂಡಿ. ಇದರ ತಮ್ಮನಂಥ ಇನ್ನೊಂದು ತಪ್ಪೂ ನಮ್ಮಲ್ಲಿದೆ. ‘ನನಗೆ ಅವನ ಮೇಲೆ ಡೌಟು’ ಎನ್ನುವುದನ್ನು ಇಂಗ್ಲಿಷಿಗೆ ಒಯ್ಯುವಾಗ ‘ಮೇಲೆ’ಯನ್ನೂ ಹೊತ್ತೊಯ್ದು ‘ಡೌಟ್ ಆನ್ ಹಿಮ್’ ಮಾಡುತ್ತೇವೆ.

ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಒಂದು ಮಾತು ಹೇಳಿದ್ದರು. ಪದವನ್ನು ಅರಿಯಬೇಕಾದರೆ ಅದರ ಸಹವಾಸ ನೋಡಬೇಕು ಎಂಬುದು ಅದರ ತಾತ್ಪರ್ಯ. ಡೌಟಿನ ಸಹವಾಸವನ್ನೇ ನೋಡಿ. ‘ವಿತೌಟ್ ಡೌಟ್’ ಎಂದರೆ ನಿಸ್ಸಂದೇಹವಾಗಿ. ‘ನೋ ಡೌಟ್’ ಕೂಡ ಹಾಗೇ ಇರಬೇಕಲ್ಲ? ಎಷ್ಟೋ ಕಡೆ ಅದಕ್ಕೆ ‘ಬಹುಶಃ’ ಎಂಬಷ್ಟೇ ಬಲ. ಹಾಗೆಯೇ, ನಾವು ‘ಅನುಮಾನ ಪಡ್ತಾ ಇದ್ದೀನಿ’ ಎಂದು ಸಹಜವಾಗಿ ಹೇಳುತ್ತೇವೆ. ಇಂಗ್ಲಿಷಿನವರು ‘ಐ ಆ್ಯಮ್ ಡೌಟಿಂಗ್’ ಎನ್ನುವುದು ಬಹಳ ಅಪರೂಪ. ಅವರಿಗೆ ಡೌಟು ಒಂದು ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ.

ಇಷ್ಟಕ್ಕೂ ಕನ್ನಡದ ‘ಅನುಮಾನ’ ಹೀಗೆ ಎರಡು ದೋಣಿಯ ಮೇಲೆ ಕಾಲಿಟ್ಟಿದ್ದು ಹೇಗೆ? ನ್ಯಾಯಶಾಸ್ತ್ರದಲ್ಲಿ ಅನುಮಾನವೆಂದರೆ ಸಂದೇಹವೇ ಅಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆಯೆಂದು ತೀರ್ಮಾನಿಸುವುದು ಅನುಮಾನ. ಪ್ರತ್ಯಕ್ಷ, ಉಪಮಾನ, ಶಬ್ದಗಳ ಸಾಲಿನಲ್ಲಿ ನಿಲ್ಲುವ ಪ್ರಮಾಣ ಅದು, ಜ್ಞಾನಕ್ಕೆ ರಾಜಮಾರ್ಗ. ಖಾತ್ರಿಯಿಲ್ಲದ ಸ್ಥಿತಿಗೆ ಆ ಶಾಸ್ತ್ರ ಇಟ್ಟ ಹೆಸರು ಸಂಶಯ. ಅದಕ್ಕೆ ಕೊಡುವ ಉದಾಹರಣೆಯೂ ಸೊಗಸಾಗಿದೆ: ಮುಸ್ಸಂಜೆಯಲ್ಲಿ ದೂರದಲ್ಲಿ ನಿಂತದ್ದು ಮೋಟು ಮರವೋ, ಮನುಷ್ಯನೋ? ಎರಡು ತುದಿಗಳ ನಡುವೆ ತೂಗುವುದು ಸಂಶಯ, ಗುರುತು ಹಿಡಿದು ಒಂದು ತುದಿಗೆ ನಡೆಯುವುದು ಅನುಮಾನ. ಆಡುಮಾತಿಗೆ ಇಳಿದ ಮೇಲೆ ನಾವು ಅನುಮಾನವನ್ನು ಎರಡಕ್ಕೂ ದುಡಿಸಿಕೊಂಡೆವು. ಪತ್ರಿಕೆಯ ‘ಅನುಮಾನಾಸ್ಪದ ಸಾವು’ ಎಂಬ ಶೀರ್ಷಿಕೆಯಲ್ಲಿ ಹಳೆಯ ಹೊಗೆ–ಬೆಂಕಿಯ ವಾಸನೆ ಇನ್ನೂ ಉಳಿದಿದೆ. ‘ಬರೋದು ಅನುಮಾನ’ದಲ್ಲಿ ಪೂರಾ ಆರಿದೆ.

ಇಂಗ್ಲಿಷಿನ ಡೌಟ್ ಕೂಡ ಸಂಭಾವಿತವೇನಲ್ಲ. ಲ್ಯಾಟಿನ್ನಿನ ‘ದುಬಿತಾರೆ’ ಫ್ರೆಂಚಿನ ಬಾಯಲ್ಲಿ ಸವೆದು, ‘ಬ’ಕಾರ ಉದುರಿಸಿಕೊಂಡು ಇಂಗ್ಲಿಷಿಗೆ ಬಂತು. ಆಮೇಲೆ ಲ್ಯಾಟಿನ್ ಮೋಹದ ಪಂಡಿತರು ಮೂಲ ನೆನಪಿರಲೆಂದು ‘ಬಿ’ಯನ್ನು ಮತ್ತೆ ತಂದು ಬರಹದಲ್ಲಿ ಕೂರಿಸಿದರು. ಜನ ಮಾತ್ರ ಅದನ್ನು ಉಚ್ಚರಿಸುವ ಗೋಜಿಗೇ ಹೋಗಲಿಲ್ಲ. ಸಾಲ ಎಂಬರ್ಥದ ‘ಡೆಟ್’ ಪದಕ್ಕೂ ಇದೇ ಗತಿಯಾಯಿತು. ‘ದುಬಿತಾರೆ’ಯ ಬೇರಿನಲ್ಲಿ ಲ್ಯಾಟಿನ್ನಿನ ‘ಎರಡು’ ಅಡಗಿದೆ. ಜರ್ಮನ್ನರ ‘ತ್ಸ್ವೈಫೆಲ್’ ಒಳಗೂ ಅವರ ಎರಡು, ‘ತ್ಸ್ವೈ’. ಅಮರಕೋಶದಲ್ಲಿ ಸಂಶಯಕ್ಕೆ ಕೊಟ್ಟಿರುವ ಪರ್ಯಾಯ ಪದಗಳಲ್ಲಿ ಒಂದು ‘ದ್ವಾಪರ’. ಹೌದು, ಯುಗದ ಹೆಸರೇ. ಅದರಲ್ಲೂ ‘ದ್ವಿ’ ಕೂತಿದೆ. ಅಜ್ಜಿಯ ‘ಬರುತ್ತೋ ಇಲ್ಲವೋ’ ಎಂಬಲ್ಲಿನ ಎರಡು ‘ಓ’ಕಾರಗಳು ಮಾಡುವುದೂ ಇದನ್ನೇ.

ನನಗೆ ಸಮಾಧಾನ ಕೊಟ್ಟ ಸಂಗತಿ ಇನ್ನೊಂದಿದೆ. ಷೇಕ್ಸ್‌ಪಿಯರನ ಕಾಲದಲ್ಲಿ ಡೌಟ್ ಎಂದರೆ ಶಂಕಿಸು ಎಂಬ ಅರ್ಥವೂ ಇತ್ತು. ಏನೋ ಮೋಸ ನಡೆದಿದೆ ಎಂದು ಹ್ಯಾಮ್ಲೆಟ್‌ಗೆ ಅನ್ನಿಸಿದಾಗ ಅವನು ಬಳಸುವುದು ಡೌಟನ್ನೇ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಈ ಬಳಕೆ ಇನ್ನೂ ಸತ್ತಿಲ್ಲ. ಮಳೆ ಬಂದೀತೆಂಬ ಅಂಜಿಕೆಗೆ ಅಲ್ಲಿ ಡೌಟ್ ಎನ್ನುತ್ತಾರೆ. ನನ್ನ ವರದಿ ಅಂಥ ಸ್ಕಾಟಿಷ್ ಅಜ್ಜನೊಬ್ಬನ ಕೈಗೆ ಹೋಗಿದ್ದರೆ ವಾಚ್‌ಮನ್ ಕೆಲಸ ಹೋಗುತ್ತಿತ್ತು.

ಇನ್ನು ಮಿದುಳಿನ ಕಡೆ ಬರೋಣ. ಹೊಸ ಪದವೊಂದು ಒಳಗೆ ಹೋದಾಗ ಅದು ಎಲ್ಲಿ ಕೂರುತ್ತದೆ?

ಮಕ್ಕಳಿಂದ ಶುರುಮಾಡಬಹುದು. 1978ರಲ್ಲಿ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್ಲೆಟ್ ಎಂಬ ಸಂಶೋಧಕಿಯರು ಮೂರು–ನಾಲ್ಕು ವರ್ಷದ ಮಕ್ಕಳಿಗೆ ಒಂದು ಪುಟ್ಟ ಉಪಾಯ ಹೂಡಿದರು. ಎರಡು ಟ್ರೇಗಳನ್ನಿಟ್ಟು, ನೀಲಿಯದಲ್ಲ, ಆ ‘ಕ್ರೋಮಿಯಂ’ ಟ್ರೇ ತಂದುಕೊಡು ಎಂದು ಮಾತಿನ ನಡುವೆ ಕೇಳಿಸಿದರು. ಆ ಟ್ರೇ ಇದ್ದದ್ದು ಆಲಿವ್ ಹಸಿರು. ಮಕ್ಕಳಿಗೆ ಆ ಪದ ಹೊಸದು, ಯಾರೂ ಅರ್ಥ ಹೇಳಲಿಲ್ಲ. ಆದರೂ ಮಕ್ಕಳು ಸರಿಯಾದ ಟ್ರೇ ತಂದರು. ಒಂದು ವಾರದ ನಂತರ ಕೇಳಿದರೂ ಹಲವರ ನೆನಪಿನಲ್ಲಿ ಅದು ಬಣ್ಣದ ಹೆಸರೆಂಬ ಚೂರು ಉಳಿದಿತ್ತು. ಒಂದೇ ಸಲ ಕೇಳಿ ಪದಕ್ಕೊಂದು ಗೂಟ ಹೊಡೆದುಕೊಳ್ಳುವ ಈ ಚುರುಕು ಎಲ್ಲರ ಗಮನ ಸೆಳೆಯಿತು. ಅದರ ಹಿಂದೆಯೇ ಬಂದ ಇನ್ನೊಂದು ಅಂಶವನ್ನು ಜನ ಮರೆಯುತ್ತಾರೆ: ಗೂಟ ಹೊಡೆಯುವುದು ಕ್ಷಣದ ಕೆಲಸ, ಆ ಪದದ ಗಡಿ ಎಲ್ಲಿಂದ ಎಲ್ಲಿಗೆ ಎಂದು ಗುರುತಿಸಲು ತಿಂಗಳುಗಳೇ ಬೇಕು.

ಎರಡನೆಯ ಭಾಷೆ ಕಲಿಯುವ ನಮ್ಮಂಥವರ ಬಳಿ ಗೂಟಗಳು ಮೊದಲೇ ಸಾಲಾಗಿವೆ. ಹಾಗಾಗಿ ಹೊಸ ಪದವನ್ನು ನಾವು ಹಳೆಯ ಗೂಟಕ್ಕೇ ತೂಗುಹಾಕುತ್ತೇವೆ. 1994ರಲ್ಲಿ ಜುಡಿತ್ ಕ್ರೋಲ್ ಮತ್ತು ಎರಿಕಾ ಸ್ಟೂವರ್ಟ್ ಇದಕ್ಕೊಂದು ಮಾದರಿ ಮುಂದಿಟ್ಟರು. ಕಲಿಕೆಯ ಆರಂಭದಲ್ಲಿ ಪರಭಾಷೆಯ ಪದ ನೇರವಾಗಿ ಅರ್ಥಕ್ಕೆ ಅಂಟುವುದಿಲ್ಲ, ತಾಯ್ನುಡಿಯ ಪದಕ್ಕೆ ಅಂಟಿಕೊಂಡು ಅದರ ಮೂಲಕ ಅರ್ಥದ ಮನೆಗೆ ಹೋಗುತ್ತದೆ. ಬಳಕೆ ಹೆಚ್ಚಿದಂತೆ ನೇರ ದಾರಿ ತೆರೆದುಕೊಳ್ಳುತ್ತದೆ. ಮುಂದಿನ ಸಂಶೋಧಕರು ಈ ಮಾದರಿಯನ್ನು ಸಾಕಷ್ಟು ತಿದ್ದಿದ್ದಾರೆ, ಕೆಲವರು ಜಗಳವನ್ನೂ ತೆಗೆದಿದ್ದಾರೆ. ನನ್ನ ಡೀಸೆಲ್ ಪ್ರಕರಣಕ್ಕೆ ಮಾತ್ರ ಇದಕ್ಕಿಂತ ಚೆನ್ನಾಗಿ ಹೊಂದುವ ವಿವರಣೆ ನನಗೆ ಕಂಡಿಲ್ಲ. ಡೌಟಿನ ವಿಷಯದಲ್ಲಿ ನಮ್ಮ ಪಾಡು ಇನ್ನೂ ಒಂದು ಕೈ ಮೇಲೆ. ‘ಡೌಟೇ ಬೇಡ’, ‘ಸರ್, ಒಂದು ಡೌಟು’, ‘ಅವಳು ಬರೋದು ಡೌಟು’ ಎನ್ನುತ್ತ ಆ ಪದವನ್ನು ಕನ್ನಡದ್ದೇ ಮಾಡಿಕೊಂಡಿದ್ದೇವೆ. ಕ್ಲಾಸಿನಲ್ಲಿ ಕೇಳುವ ಪ್ರಶ್ನೆಯನ್ನು ‘ಡೌಟು’ ಎನ್ನುವುದಂತೂ ಭಾರತದ ಇಂಗ್ಲಿಷಿನ ಗುರುತೇ ಆಗಿಬಿಟ್ಟಿದೆ. ಸ್ಪ್ಯಾನಿಷ್ ಮಾತಾಡುವವರೂ ‘ದೂದಾ’ ಎಂಬ ತಮ್ಮ ಪದವನ್ನು ಹೀಗೇ ಪ್ರಶ್ನೆಗೆ ಬಳಸುತ್ತಾರೆ, ಇಂಗ್ಲಿಷಿನಲ್ಲಿ ನಮ್ಮಂತೆಯೇ ಎಡವುತ್ತಾರೆ. ಗುರುತಿಲ್ಲದ ಪದದ ಎದುರು ಮನುಷ್ಯ ಎಚ್ಚರವಾಗಿರುತ್ತಾನೆ. ನೆಂಟನಂತೆ ಕಾಣುವ ಪದದ ಎದುರು ನಿಘಂಟು ತೆರೆಯುವುದೇ ಇಲ್ಲ.

ಪದ ಮಿದುಳಿಗೆ ಎಟುಕಿತೋ ಇಲ್ಲವೋ ಎಂದು ತಿಳಿಯಲು ತಲೆಯ ಮೇಲೆ ವಿದ್ಯುದ್ವಾರಗಳನ್ನಿಟ್ಟು ನೋಡುವ ದಾರಿಯೊಂದಿದೆ. ‘ಅವನು ಬಿಸಿ ಕಾಫಿಗೆ ಎರಡು ಚಮಚ ಮೊಳೆ ಹಾಕಿಕೊಂಡ’ ಎಂದು ಓದಿ. ‘ಮೊಳೆ’ಯ ಹತ್ತಿರ ಮನಸ್ಸು ತಟ್ಟನೆ ಮುಗ್ಗರಿಸಿತಲ್ಲ? ಇಂಥ ಅಸಂಬದ್ಧ ಪದ ಕಂಡು ಸುಮಾರು 400 ಮಿಲಿಸೆಕೆಂಡ್ ಆಗುವಾಗ ಮಿದುಳಿನ ವಿದ್ಯುತ್ ರೇಖೆಯಲ್ಲಿ ಋಣದ ಕಡೆಗೊಂದು ತಗ್ಗು ಬೀಳುತ್ತದೆ. ಇದನ್ನು 1980ರಲ್ಲಿ ವರದಿ ಮಾಡಿದವರು ಮಾರ್ಟಾ ಕೂಟಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್. ಎನ್–400 ಎಂಬ ಹೆಸರು ಅದಕ್ಕೆ ಅಂಟಿಕೊಂಡಿದೆ.

ಇದೇ ಅಲೆಯನ್ನು ಹಿಡಿದು ಅಮೆರಿಕದಲ್ಲಿ ಹೊಸದಾಗಿ ಫ್ರೆಂಚ್ ಕಲಿಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಜುಡಿತ್ ಮೆಕ್‌ಲಾಫ್ಲಿನ್, ಲೀ ಆಸ್ಟರ್‌ಹೌಟ್ ಮತ್ತು ಸಂಗಡಿಗರು ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಅವರ ಫಲಿತಾಂಶ ವಿಚಿತ್ರವಾಗಿದೆ. ಸರಾಸರಿ 14 ಗಂಟೆಯ ಪಾಠವಾಗಿದ್ದಾಗ, ಇದು ನಿಜವಾದ ಫ್ರೆಂಚ್ ಪದವೋ ಸುಮ್ಮನೆ ಹೆಣೆದದ್ದೋ ಎಂದು ಕೇಳಿದರೆ ವಿದ್ಯಾರ್ಥಿಗಳು ನಾಣ್ಯ ಚಿಮ್ಮಿದಂತೆ ಉತ್ತರಿಸುತ್ತಿದ್ದರು. ಅವರ ಎನ್–400 ಮಾತ್ರ ನಿಜದ ಪದಕ್ಕೂ ಸುಳ್ಳು ಪದಕ್ಕೂ ಆಗಲೇ ಬೇರೆಬೇರೆಯಾಗಿತ್ತು. ಬಾಯಿಗೆ ಬರುವ ಮೊದಲೇ ಮಿದುಳಿಗೆ ಗೊತ್ತಾಗಿತ್ತು. ‘ನನಗೆ ಇಂಗ್ಲಿಷ್ ತಲೆಗೆ ಹತ್ತೋದೇ ಇಲ್ಲ’ ಎನ್ನುವ ಮಕ್ಕಳಿಗೆ ನಾನು ಈ ಪ್ರಯೋಗದ ಕಥೆ ಹೇಳುತ್ತಿರುತ್ತೇನೆ.

ಹೊಸ ಪದ ಮೊದಲು ಇಳಿದುಕೊಳ್ಳುವ ತಂಗುದಾಣ ಹಿಪೊಕ್ಯಾಂಪಸ್, ಕಿವಿಯ ನೇರಕ್ಕೆ ಮಿದುಳಿನ ಒಳಗಿರುವ, ಕಡಲ್ಗುದುರೆಯ ಆಕಾರದ ಭಾಗ. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೆನ್ರಿ ಮೊಲೈಸನ್ ಸಾಕ್ಷಿ. ಮೂರ್ಛೆರೋಗದ ಚಿಕಿತ್ಸೆಗೆಂದು 1953ರಲ್ಲಿ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ಸುತ್ತಲಿನ ಭಾಗಗಳ ಸಮೇತ ತೆಗೆಯಲಾಯಿತು. ಅವರು ಮಾತು ಮರೆಯಲಿಲ್ಲ. ಮೊದಲೇ ಗೊತ್ತಿದ್ದ ಪದಗಳೆಲ್ಲ ಕ್ಷೇಮವಾಗಿದ್ದವು. ಶಸ್ತ್ರಚಿಕಿತ್ಸೆಯ ನಂತರ ಇಂಗ್ಲಿಷಿಗೆ ಹೊಸದಾಗಿ ಸೇರಿದ ಪದಗಳು ಮಾತ್ರ ಅವರಿಗೆ ಬಹುತೇಕ ಹತ್ತಲೇ ಇಲ್ಲ. ಅವರ ಶಬ್ದಕೋಶ ಆ ವರ್ಷಕ್ಕೇ ಬಾಗಿಲು ಹಾಕಿಕೊಂಡಿತ್ತು.

ತಂಗುದಾಣದಿಂದ ಮಿದುಳಿನ ಹೊರಪದರದ ಸ್ವಂತ ಮನೆಗೆ ಪದ ಸಾಗುವುದರಲ್ಲಿ ನಿದ್ದೆಗೆ ದೊಡ್ಡ ಪಾತ್ರವಿದೆ. ಬ್ರಿಟನ್ನಿನ ಗ್ಯಾರೆತ್ ಗ್ಯಾಸ್ಕೆಲ್ ಮತ್ತು ನಿಕೊಲಾ ದ್ಯುಮೇ ‘ಕೆಥೀಡ್ರಲ್’ ಪದವನ್ನೇ ಹೋಲುವ ‘ಕೆಥೀಡ್ರೂಕ್’ನಂಥ ಹುಸಿಪದಗಳನ್ನು ಹೊಸೆದು ಜನರಿಗೆ ಕಲಿಸಿದರು. ಕಲಿತ ಹುಸಿಪದ ನಿಜಕ್ಕೂ ಶಬ್ದಕೋಶಕ್ಕೆ ಸೇರಿದ್ದರೆ, ಅದು ನೆರೆಮನೆಯ ನಿಜಪದದ ಜೊತೆ ಪೈಪೋಟಿಗೆ ಇಳಿದು ಅದರ ಗುರುತು ಹಿಡಿಯುವುದನ್ನು ಚೂರು ನಿಧಾನಿಸಬೇಕು. 2007ರ ಅವರ ಪ್ರಯೋಗದಲ್ಲಿ ಬೆಳಿಗ್ಗೆ ಕಲಿತು 12 ಗಂಟೆ ಎಚ್ಚರವಿದ್ದವರಲ್ಲಿ ಈ ಪೈಪೋಟಿ ಕಾಣಲಿಲ್ಲ. ರಾತ್ರಿ ಕಲಿತು ಮಲಗಿ ಎದ್ದವರಲ್ಲಿ ಅದೇ 12 ಗಂಟೆಯ ನಂತರ ಕಂಡಿತು. ಪರೀಕ್ಷೆಯ ಹಿಂದಿನ ರಾತ್ರಿಯಿಡೀ ಚಹಾ ಕುಡಿದು ಪದ ಉರುಹೊಡೆಯುವವರು ಸಾಗಣೆಯ ಲಾರಿಯನ್ನೇ ನಿಲ್ಲಿಸಿರುತ್ತಾರೆ.

ಉರುಹೊಡೆಯುವುದರ ಬಗ್ಗೆ ಇನ್ನೊಂದು ಮಾತಿದೆ. 2008ರಲ್ಲಿ ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ 40 ಸ್ವಾಹಿಲಿ ಪದಗಳನ್ನು ಅವುಗಳ ಇಂಗ್ಲಿಷ್ ಅರ್ಥದೊಂದಿಗೆ ವಿದ್ಯಾರ್ಥಿಗಳಿಗೆ ಕಲಿಸಿದರು. ‘ಮಶುವಾ’ ಎಂದರೆ ದೋಣಿ, ಹೀಗೆ. ಒಂದು ಪದವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೂ ಅದನ್ನು ಮತ್ತೆಮತ್ತೆ ನೆನಪಿನಿಂದ ಎಳೆದು ತೆಗೆಯುವ ಪರೀಕ್ಷೆ ಕೆಲವರಿಗೆ ಮುಂದುವರಿಯಿತು. ಇನ್ನು ಕೆಲವರಿಗೆ ಆ ಪರೀಕ್ಷೆ ನಿಂತು ಬರೀ ಓದು ಮುಂದುವರಿಯಿತು. ವಾರದ ನಂತರ ಮೊದಲಿನವರಿಗೆ ನೆನಪಿದ್ದದ್ದು ಸುಮಾರು 80 ಶೇಕಡ, ಓದುತ್ತಲೇ ಇದ್ದವರಿಗೆ 36ರ ಆಸುಪಾಸು. ಇದಕ್ಕಿಂತ ನನಗೆ ಸ್ವಾರಸ್ಯ ಅನ್ನಿಸಿದ್ದು ಬೇರೆ. ವಾರದ ಮೇಲೆ ಎಷ್ಟು ನೆನಪಿದ್ದೀತೆಂದು ಕೇಳಿದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಅರ್ಧ ಎಂದಿದ್ದರು. ನಮ್ಮ ತಲೆಯಲ್ಲಿ ಯಾವುದು ಉಳಿಯುತ್ತದೆ ಎಂಬುದನ್ನು ಅಂದಾಜಿಸುವಲ್ಲಿ ನಾವೇ ದಡ್ಡರು. ಹತ್ತು ಸಲ ಓದಿದ ಪುಟ ಪರಿಚಿತವಾಗಿ ಕಾಣುತ್ತದೆ. ಆ ಪರಿಚಯವನ್ನೇ ಕಲಿಕೆ ಅಂದುಕೊಳ್ಳುತ್ತೇವೆ.

ಎಷ್ಟು ದಿನ ಬಿಟ್ಟು ಎಳೆಯಬೇಕು ಎಂಬುದಕ್ಕೆ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಡಿಪಾಯ ಹಾಕಿದ್ದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಲೆಕ್ಕ ಇಟ್ಟ ಆಸಾಮಿ ಅವನು. ಮರೆವು ಮೊದಲ ಗಂಟೆಗಳಲ್ಲಿ ಕಡಿದಾಗಿ ಇಳಿದು, ಆಮೇಲೆ ನಿಧಾನವಾಗುತ್ತದೆ. ಹಾಗಾಗಿ ಮೊದಲ ಭೇಟಿಗಳು ಹತ್ತಿರಹತ್ತಿರ, ಮುಂದಿನವು ದೂರದೂರ. ಮೊಬೈಲಿನಲ್ಲಿ ಪದ ಕಲಿಸುವ ಎಷ್ಟೋ ಆ್ಯಪ್‌ಗಳ ಒಳಗೆ ಓಡುತ್ತಿರುವುದು ಈ ಲೆಕ್ಕವೇ.

ಆದರೆ ಆ ಆ್ಯಪ್‌ಗಳ ಚೀಟಿಯ ಒಂದು ಬದಿಗೆ ‘ಡೌಟ್’, ಇನ್ನೊಂದು ಬದಿಗೆ ‘ಅನುಮಾನ’ ಎಂದಿದ್ದರೆ, ಆ ತಪ್ಪು ಗೂಟವನ್ನೇ ದಿನದಿನಕ್ಕೂ ಆಳಕ್ಕೆ ಬಡಿದಂತಾಗುತ್ತದೆ. ನಾನು ಚೀಟಿ ಬರೆಯುವುದು ಬಿಟ್ಟಿಲ್ಲ, ಅದರ ಮೇಲೆ ಒಂಟಿ ಪದ ಬರೆಯುವುದನ್ನು ಬಿಟ್ಟಿದ್ದೇನೆ. ಒಂದು ಬದಿಗೆ ಹಪ್ಪಳದ ಅಜ್ಜಿ ಆಡುವಂಥ ಇಡೀ ಕನ್ನಡ ವಾಕ್ಯ, ಹಿಂಬದಿಗೆ ಅದೇ ಸಂದರ್ಭದಲ್ಲಿ ಇಂಗ್ಲಿಷಿನವರು ಆಡುವ ಇಡೀ ವಾಕ್ಯ. ಆ ಎರಡರ ನಡುವೆ ಪದಕ್ಕೆ ಪದ ಹೊಂದದಿದ್ದರೆ ಇನ್ನೂ ಒಳ್ಳೆಯದು.

ನಿಮಗೂ ಒಂದು ಚೀಟಿ ಕೊಡುತ್ತೇನೆ. ಈ ಪುಸ್ತಕ ಮುಚ್ಚಿ, ಮಲಗಿ. ನಾಳೆ ಬೆಳಿಗ್ಗೆ ಕಾಫಿ ಕುಡಿಯುವಾಗ ಈ ಎರಡನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ: ‘ಅವರು ಮನೆ ಮಾರೋದು ಅನುಮಾನ’, ‘ಅವರು ಮನೆ ಮಾರ್ತಾರೆ ಅಂತ ಅನುಮಾನ’. ತಡವರಿಸಿದರೂ ಈ ಪುಟಕ್ಕೆ ವಾಪಸ್ ಬರಬೇಡಿ, ಒಂದೈದು ನಿಮಿಷ ತಡಕಾಡಿ.